ಇಂದಿನ ಧಮ್ಮ ಚಿಂತನೆ: ‘ಸಾಕು’ ಎನ್ನಲು ಕಲಿಯುವುದು





ಇಂದಿನ ಚಿಂತನೆಯ ವಿಷಯ ‘ಭೋಜನೇ ಮತ್ತಞ್ಞುತಾ’. ಊಟದಲ್ಲಿ ಅಳತೆ ತಿಳಿದಿರುವುದು ಎಂದು ಇದರ ಅರ್ಥ. ಇಂದ್ರಿಯಗಳನ್ನು ಕಾಯ್ದುಕೊಳ್ಳುವುದು, ಎಚ್ಚರದಿಂದ ಇರುವುದು, ಇವೆರಡರ ಜೊತೆಗೆ ಭಗವಾನ್ ಬುದ್ಧರು ಇದನ್ನೂ ಸೇರಿಸಿ ಮತ್ತೆ ಮತ್ತೆ ಹೇಳಿದ್ದಾರೆ. ನಮ್ಮ ಬಳಗದಲ್ಲಿ ನಾನೇ ಇದನ್ನು ಎಷ್ಟೋ ಸಲ ಓದಿ ವಿವರಿಸಿದ್ದೇನೆ. ಆದರೆ ಇದು ನನಗೆ ನಿಜವಾಗಿ ಅರ್ಥವಾದದ್ದು ಕಳೆದ ವರ್ಷ, ಅಮೆರಿಕದ ಡಲ್ಲಾಸ್ ನಗರದಲ್ಲಿ, ಬ್ರೆಜಿಲ್ ಮಾದರಿಯ ಒಂದು ಮಾಂಸದೂಟದ ಹೋಟೆಲಿನಲ್ಲಿ. ಇದು ನನ್ನ ತಪ್ಪಿನ ಕಥೆ. ಮುಚ್ಚಿಟ್ಟುಕೊಳ್ಳುವುದಕ್ಕಿಂತ ಹಂಚಿಕೊಳ್ಳುವುದು ಲೇಸು ಎಂದು ಬರೆಯುತ್ತಿದ್ದೇನೆ.

*ಆ ಹೋಟೆಲಿನ ಕ್ರಮ*

ನನ್ನ ಮಗ ಅಲ್ಲಿ ಕೆಲಸದಲ್ಲಿದ್ದಾನೆ. ನಾನು ಹೋದ ಎರಡನೇ ವಾರ, “ಅಪ್ಪಾ, ನಿಮಗೊಂದು ಕಡೆ ಊಟ ಹಾಕಿಸ್ತೀನಿ, ಅಂಥದ್ದನ್ನ ನೀವು ನೋಡೇ ಇಲ್ಲ” ಎಂದು ಕರೆದುಕೊಂಡು ಹೋದ. ಸೊಸೆ, ಏಳು ವರ್ಷದ ಮೊಮ್ಮಗಳು ಜೊತೆಗಿದ್ದರು.

ಅಲ್ಲಿ ತಲೆಗೆ ಇಷ್ಟು ಎಂದು ಒಂದೇ ದರ. ಎಷ್ಟು ಬೇಕಾದರೂ ತಿನ್ನಬಹುದು. ಮೊದಲು ನಾವೇ ಎದ್ದು ಹೋಗಿ ತರಕಾರಿ, ಸಲಾಡ್, ಅನ್ನ, ಹುರುಳಿಕಾಯಿ ಜಾತಿಯ ಕಪ್ಪು ಕಾಳಿನ ಸಾರು ಹಾಕಿಕೊಳ್ಳಬೇಕು. ಆಮೇಲೆ ಕುಳಿತಲ್ಲಿಗೇ ಮಾಂಸ ಬರುತ್ತದೆ. ಕತ್ತಿಯಷ್ಟು ಉದ್ದದ ಕಬ್ಬಿಣದ ಸಲಾಕೆಗೆ ಚುಚ್ಚಿ ಕೆಂಡದ ಮೇಲೆ ಸುಟ್ಟ ಮಾಂಸವನ್ನು ಬಡಿಸುವವರು ಹಿಡಿದುಕೊಂಡು ಮೇಜಿನಿಂದ ಮೇಜಿಗೆ ಸುತ್ತುತ್ತಿರುತ್ತಾರೆ. ನಮ್ಮ ಮುಂದೆ ನಿಂತು ತೆಳ್ಳಗೆ ಕೊಯ್ದು ತಟ್ಟೆಗೆ ಇಳಿಸುತ್ತಾರೆ. ದನದ ಹಿಂಭಾಗದ, ಮೇಲೆ ಕೊಬ್ಬಿನ ಪದರ ಇರುವ ತುಂಡಿಗೆ ‘ಪಿಕಾನ್ಯಾ’ ಎನ್ನುತ್ತಾರೆ. ಅದೇ ಅಲ್ಲಿನ ಹಿರಿಮೆ. ಅದಲ್ಲದೆ ಪಕ್ಕೆಲುಬು, ಕುರಿಮಾಂಸ, ಸಾಸೇಜ್, ಕೋಳಿಯ ಗುಂಡಿಗೆ. ಒಬ್ಬ ಹೋದರೆ ಇನ್ನೊಬ್ಬ. ಈ ಪದ್ಧತಿಗೆ ಅವರ ಪೋರ್ಚುಗೀಸ್ ಭಾಷೆಯಲ್ಲಿ ‘ರೊಡೀಜಿಯೊ’ ಎಂದು ಹೆಸರು. ಸರದಿಯಂತೆ ಸುತ್ತಿ ಬರುವುದು ಎಂದು ಅರ್ಥ.

ಇದನ್ನು ನಿಲ್ಲಿಸುವುದು ಹೇಗೆ? ಪ್ರತಿಯೊಬ್ಬರ ತಟ್ಟೆಯ ಪಕ್ಕ ಒಂದು ಸಣ್ಣ ಬಿಲ್ಲೆ ಇಟ್ಟಿರುತ್ತಾರೆ. ಒಂದು ಮಗ್ಗುಲು ಹಸಿರು, ಇನ್ನೊಂದು ಮಗ್ಗುಲು ಕೆಂಪು. ಹಸಿರು ಮೇಲಿದ್ದರೆ ‘ಬರಲಿ’, ಕೆಂಪು ಮೇಲಿದ್ದರೆ ‘ಸಾಕು’. ಬಾಯಿ ಬಿಟ್ಟು ಏನೂ ಹೇಳಬೇಕಿಲ್ಲ. ಬಿಲ್ಲೆ ತಿರುಗಿಸಿದರೆ ಮುಗಿಯಿತು.

ಬಂಧುಗಳೇ, ಅಷ್ಟು ಸುಲಭದ ಕೆಲಸ ನನ್ನಿಂದ ಆಗಲಿಲ್ಲ.

*ನಾನು ಮಾಡಿದ್ದು*

ಮೊದಲು ಒಬ್ಬ ಹುಡುಗ ಬಂದು ‘ಕೈಪಿರಿನ್ಯಾ’ ಬೇಕೇ ಎಂದು ಕೇಳಿದ. ಕಬ್ಬಿನ ಹಾಲಿನಿಂದ ಇಳಿಸಿದ ಮದ್ಯಕ್ಕೆ ನಿಂಬೆಹಣ್ಣು, ಸಕ್ಕರೆ ಸೇರಿಸಿದ ಪಾನೀಯ ಅದು. ಬೇಡ ಎಂದೆ. ಅದಕ್ಕೆ ಒಂದು ಕ್ಷಣವೂ ಯೋಚಿಸಬೇಕಾಗಲಿಲ್ಲ. ಪಂಚಶೀಲದ ಐದನೆಯದು ನನಗೆ ಉಸಿರಿನಷ್ಟು ಸಹಜವಾಗಿದೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲೂ ಮದ್ಯ ಮುಟ್ಟುವುದಿಲ್ಲ ಎಂಬುದಿದೆ. ಗೆರೆ ಎಳೆದು ಕೊಟ್ಟಿದ್ದಾರೆ, ನಾವು ದಾಟುವುದಿಲ್ಲ.

ಮಾಂಸಕ್ಕೆ ಅಂಥ ಗೆರೆ ಇಲ್ಲ. ಅಲ್ಲಿ ಅಳತೆಯನ್ನು ಪ್ರತಿ ಊಟದಲ್ಲೂ, ಪ್ರತಿ ತುತ್ತಿನಲ್ಲೂ ನಾವೇ ಕಂಡುಕೊಳ್ಳಬೇಕು. ಶೀಲ ಪಾಲಿಸುವುದಕ್ಕಿಂತ ಇದು ಕಷ್ಟ ಎಂದು ಅವತ್ತು ಗೊತ್ತಾಯಿತು.

ನಾಲ್ಕು ತುಂಡಿಗೇ ಹೊಟ್ಟೆ ತುಂಬಿತ್ತು. ಆದರೆ ಸಲಾಕೆ ಹತ್ತಿರ ಬರುತ್ತಿದ್ದಂತೆ ಕಣ್ಣು ಅದರ ಹಿಂದೆಯೇ ಹೋಗುತ್ತಿತ್ತು. ಮಗ ಕೊಡುತ್ತಿರುವ ದುಡ್ಡನ್ನು ರೂಪಾಯಿಗೆ ಲೆಕ್ಕ ಹಾಕಿದೆ. ಇಷ್ಟು ದುಡ್ಡು ಕೊಟ್ಟ ಮೇಲೆ ವಸೂಲಿ ಆಗಬೇಡವೇ ಎನಿಸಿತು. ಮೊಮ್ಮಗಳಿಗೆ ಬೇಸರವಾಗಿ ನನ್ನ ಬಿಲ್ಲೆಯೊಡನೆ ಆಡುತ್ತಾ ಅದನ್ನು ಕೆಂಪಿಗೆ ತಿರುಗಿಸಿದಳು. “ತಾತಾ, ಕೆಂಪು!” ಎಂದಳು. ನಾನು ನಕ್ಕು ಹಸಿರಿಗೆ ತಿರುಗಿಸಿದೆ. ಮತ್ತೆ ಕೆಂಪು ಮಾಡಿದಳು. ಮತ್ತೆ ಹಸಿರು ಮಾಡಿದೆ. ಮೂರನೇ ಸಲ ನಾನು ಸ್ವಲ್ಪ ಗದರಿಸಿಯೇಬಿಟ್ಟೆ. ಮಗು ಮುಖ ಸಣ್ಣದು ಮಾಡಿಕೊಂಡು ಕೈ ಹಿಂದಕ್ಕೆ ತೆಗೆದುಕೊಂಡಿತು.

ಏಳುವಾಗ ನನ್ನ ತಟ್ಟೆಯಲ್ಲಿ ಐದು ತುಂಡು ಹಾಗೇ ಉಳಿದಿದ್ದವು. ಇಂಥ ಹೋಟೆಲುಗಳಲ್ಲಿ ಉಳಿದದ್ದನ್ನು ಕಟ್ಟಿಸಿಕೊಂಡು ಹೋಗುವ ರೂಢಿ ಇಲ್ಲ. ಮೇಜು ತೆಗೆಯುವ ಹುಡುಗ ಬಂದು ತಟ್ಟೆಯನ್ನು ಎತ್ತಿ, ಆ ಐದು ತುಂಡನ್ನೂ ತೊಟ್ಟಿಗೆ ಸುರಿದ.

ಆ ರಾತ್ರಿ ಎದೆಯುರಿ, ಏದುಸಿರು. ಸಕ್ಕರೆ ಕಾಯಿಲೆಯವನು ನಾನು. ದೀಕ್ಷೆ ತೆಗೆದುಕೊಂಡ ಮೇಲೆ ಮೊದಲ ಬಾರಿಗೆ ಸಂಜೆಯ ತ್ರಿಸರಣ ಪಂಚಶೀಲಕ್ಕೆ ಕೂರಲು ಆಗದೆ ಒರಗಿಕೊಂಡೇ ಇದ್ದೆ. ಮೈ ನೋವಿಗಿಂತ ಆ ತೊಟ್ಟಿಯ ಸದ್ದು ಹೆಚ್ಚು ಕಾಡುತ್ತಿತ್ತು.

*ಹಸಿವಿನ ನೆನಪು*

ಯಾಕೆ ಹೀಗಾಯಿತು? ಕಾರಣವಿಲ್ಲದೆ ಏನೂ ಹುಟ್ಟುವುದಿಲ್ಲ ಎಂಬುದು ಧಮ್ಮದ ಮೂಲ ಪಾಠ. ಹಾಗಾಗಿ ನನ್ನನ್ನು ನಾನು ಬೈದುಕೊಳ್ಳುವುದನ್ನು ಬಿಟ್ಟು ಕಾರಣ ಹುಡುಕಿದೆ.

ಕೋಲಾರದ ಕಡೆಯ ನಮ್ಮ ಹಳ್ಳಿಯಲ್ಲಿ ದೊಡ್ಡವರ ಮನೆಯ ಮದುವೆ ಆದರೆ, ನಾವು ಮಕ್ಕಳು ಹಿತ್ತಲಿನ ಬೇಲಿಯಾಚೆ ಕಾದು ಕೂರುತ್ತಿದ್ದೆವು. ಕೊನೆಯ ಪಂಕ್ತಿ ಎದ್ದ ಮೇಲೆ ಮಿಕ್ಕಿದ್ದು ನಮ್ಮ ಕುಕ್ಕೆಗೆ ಬೀಳುತ್ತಿತ್ತು. ಅವ್ವ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ತರುತ್ತಿದ್ದಳು. “ಇದ್ದಾಗ ಉಂಡ್ಬಿಡ್ರೋ, ನಾಳೆ ಯಾರು ಕಂಡೋರೆ” ಎನ್ನುತ್ತಿದ್ದಳು. ಆ ಕಾಲಕ್ಕೆ ಅದು ದುರಾಸೆಯಲ್ಲ, ಬದುಕುವ ಜಾಣತನ. ಬಂದಾಗ ತಿನ್ನದಿದ್ದವನು ಮರುದಿನ ಉಪವಾಸ.

ಅವ್ವ ಹೋಗಿ ಮೂವತ್ತು ವರ್ಷವಾಯಿತು. ನಾನು ಮೇಷ್ಟ್ರಾಗಿ ನಿವೃತ್ತನಾದೆ, ಮಗ ಡಲ್ಲಾಸಿಗೆ ಹೋದ. ಆದರೆ ನನ್ನ ಮೈಯೊಳಗಿನ ಆ ಹುಡುಗ ಇನ್ನೂ ಬೇಲಿಯಾಚೆಯೇ ಕಾದು ಕೂತಿದ್ದಾನೆ. ಮತ್ತೆ ಬರುತ್ತದೆ ಎಂಬ ನಂಬಿಕೆಯೇ ಅವನಿಗಿಲ್ಲ. ಹಾಗಾಗಿ ಅವನಿಗೆ ಕೆಂಪು ಬಿಲ್ಲೆ ಎಂದರೆ ಭಯ. ನಮ್ಮಲ್ಲಿ ಎಷ್ಟೋ ಮಂದಿ ಹಿರಿಯರಿಗೆ ಇದು ಇದೆ. ಇದಕ್ಕೆ ನಾಚಿಕೆಪಡಬೇಕಾಗಿಲ್ಲ. ಆದರೆ ಗುರುತಿಸಬೇಕು. ಗುರುತಿಸದಿದ್ದರೆ ನಿನ್ನೆಯ ಹಸಿವೇ ಇಂದಿನ ತಣ್ಹಾ ಆಗುತ್ತದೆ.

*ಆ ಮಾಂಸದ ಹಿಂದಿನ ಕಥೆ*

ಮಾರನೇ ದಿನ ಮಗ ಈ ಊಟ ಎಲ್ಲಿಂದ ಬಂತೆಂದು ಓದಿ ಹೇಳಿದ. ದಕ್ಷಿಣ ಬ್ರೆಜಿಲ್‌ನ ರಿಯೊ ಗ್ರಾಂಡೆ ದೊ ಸುಲ್ ಪ್ರಾಂತ್ಯದ ಹುಲ್ಲುಗಾವಲುಗಳಲ್ಲಿ ದನ ಕಾಯುತ್ತಿದ್ದವರನ್ನು ‘ಗೌಚೊ’ಗಳು ಎನ್ನುತ್ತಾರೆ. ಮೂಲನಿವಾಸಿಗಳು, ಯೂರೋಪಿನವರು, ಆಫ್ರಿಕಾದವರು ಬೆರೆತ ಜನ. ಹಿಂದೆ ‘ಗೌಚೊ’ ಎಂಬುದು ಅಲೆಮಾರಿ, ಪೋಕರಿ ಎಂಬ ಬೈಗುಳವಾಗಿತ್ತು. ಇವತ್ತು ಅದೇ ಹೆಮ್ಮೆಯ ಹೆಸರು. ಬಯಲಿನಲ್ಲಿ ನೆಲದ ಮೇಲೆ ಬೆಂಕಿ ಹಾಕಿ, ಮಾಂಸವನ್ನು ಕೋಲಿಗೆ ಚುಚ್ಚಿ, ಬರೀ ಕಲ್ಲುಪ್ಪು ಹಚ್ಚಿ ಸುಟ್ಟು ಹಂಚಿಕೊಳ್ಳುತ್ತಿದ್ದರು. ‘ಶುರಾಸ್ಕೊ’ ಹುಟ್ಟಿದ್ದು ಹಾಗೆ. ಕಳೆದ ಶತಮಾನದಲ್ಲಿ ಅದು ಹೆದ್ದಾರಿ ಬದಿಯ ಹೋಟೆಲುಗಳಿಗೆ ಬಂದು, ಸರದಿಯ ಬಡಿಸುವಿಕೆಯಾಗಿ, ಅಲ್ಲಿಂದ ಅಮೆರಿಕಕ್ಕೂ ಹಬ್ಬಿತು.

ಅದೇ ಪ್ರಾಂತ್ಯದಲ್ಲಿ ಪೆಲೋಟಸ್ ಎಂಬ ಊರಿದೆ. 19ನೇ ಶತಮಾನದಲ್ಲಿ ಅದು ಉಪ್ಪು ಹಾಕಿ ಒಣಗಿಸಿದ ಮಾಂಸಕ್ಕೆ ಹೆಸರಾಗಿತ್ತು. ಆ ಕೆಲಸದ ಕೊಟ್ಟಿಗೆಗಳಲ್ಲಿ ಕಡಿಯುವವರು, ಉಪ್ಪು ಹಚ್ಚುವವರು ಆಫ್ರಿಕಾದಿಂದ ತಂದ ಗುಲಾಮರು ಮತ್ತು ಅವರ ಮಕ್ಕಳು. ಆ ಒಣಮಾಂಸ ಹೋಗುತ್ತಿದ್ದುದೂ ಬೇರೆ ಪ್ರಾಂತ್ಯಗಳ ತೋಟಗಳಲ್ಲಿ ದುಡಿಯುವ ಗುಲಾಮರ ಊಟಕ್ಕೇ. 1888ರ ಮೇ 13ರಂದು ಬ್ರೆಜಿಲ್ ಗುಲಾಮಗಿರಿಯನ್ನು ರದ್ದು ಮಾಡಿತು. ಅಮೆರಿಕ ಖಂಡಗಳಲ್ಲಿ ಎಲ್ಲರಿಗಿಂತ ಕೊನೆಗೆ.

ಇನ್ನೊಂದು ವಿಷಯ ಕೇಳಿ ನಾನು ಬೆರಗಾದೆ. ಇವತ್ತು ಬ್ರೆಜಿಲ್‌ನಲ್ಲಿ ಅತಿ ಹೆಚ್ಚು ಸಾಕುವ ಮಾಂಸದ ದನದ ತಳಿಯ ಹೆಸರು ‘ನೆಲೋರೆ’. ನಮ್ಮ ನೆರೆಯ ಆಂಧ್ರದ ನೆಲ್ಲೂರಿನ ಹೆಸರೇ ಅದು. ಮೂಲದಲ್ಲಿ ಒಂಗೋಲ್ ತಳಿ, 19ನೇ ಶತಮಾನದಿಂದ ಹಡಗಿನಲ್ಲಿ ಹೋದದ್ದು. ಅದರ ಹೆಗಲ ಮೇಲಿನ ಡುಬ್ಬವನ್ನು ಬ್ರೆಜಿಲ್‌ನವರು ‘ಕುಪಿಂ’ ಎಂದು ಕರೆದು ಮೆತ್ತಗೆ ಸುಟ್ಟು ಬಡಿಸುತ್ತಾರೆ. ಆ ಮಾತಿಗೆ ಗೆದ್ದಲು ಎಂದೂ ಅರ್ಥವಿದೆಯಂತೆ. ನಮ್ಮ ಸೀಮೆಯಲ್ಲಿ ಪೂಜೆ ಮಾಡಿಸಿಕೊಳ್ಳುವ ದನ ಅಲ್ಲಿ ಊಟ. ಇಲ್ಲಿ ಅದೇ ದನ ಸತ್ತರೆ ಎಳೆದು ಹಾಕಬೇಕಾದವರು ನಾವು, ತಿಂದರೆ ಮುಟ್ಟಬಾರದವರೂ ನಾವೇ.

ಹಾಗಾದರೆ ಮಡಿ ಮೈಲಿಗೆ ಮಾಂಸದಲ್ಲಿ ಇಲ್ಲ, ನೋಡುವವರ ಮನಸ್ಸಿನಲ್ಲಿದೆ. ಬಾಬಾಸಾಹೇಬರು 1948ರಲ್ಲಿ ಪ್ರಕಟವಾದ ‘ದಿ ಅನ್‌ಟಚೆಬಲ್ಸ್’ ಗ್ರಂಥದಲ್ಲಿ ಅಸ್ಪೃಶ್ಯತೆಯ ಬೇರನ್ನು ಹುಡುಕುತ್ತಾ ಗೋಮಾಂಸದ ಪ್ರಶ್ನೆಯನ್ನು ಎದುರಿಗೇ ಇಟ್ಟುಕೊಂಡು ಚರ್ಚಿಸಿದ್ದು ಇದಕ್ಕೇ. ಆದ್ದರಿಂದ ಆ ಹೋಟೆಲಿನಲ್ಲಿ ನಾನು ಮಾಂಸ ತಿಂದದ್ದು ತಪ್ಪು ಎಂದು ನಾನು ಹೇಳುತ್ತಿಲ್ಲ. ಅವ್ವ ಮಿಕ್ಕಿದ್ದನ್ನು ಮುಚ್ಚಿಕೊಂಡು ತಂದಳು. ಅವಳ ಮಗನಿಗೆ ಬಿಸಿ ಮಾಂಸವನ್ನು ಮುಂದೆ ನಿಂತು ಮರ್ಯಾದೆಯಿಂದ ಕೊಯ್ದು ಬಡಿಸಿದರು. ಯಾವ ಕುಲ ಎಂದು ಯಾರೂ ಕೇಳಲಿಲ್ಲ. ಅದರ ಬೆಲೆ ನನಗೆ ಗೊತ್ತು. ತಪ್ಪು ಇದ್ದದ್ದು ಬೇರೆ ಕಡೆ.

*ಅಗತ್ಯ ಎಲ್ಲಿ ಮುಗಿಯುತ್ತದೆ?*

ಭಿಕ್ಖುಗಳು ಜೀವನಪೂರ್ತಿ ಮೀನು ಮಾಂಸ ತಿನ್ನಬಾರದೆಂದು ಕಟ್ಟಳೆ ಮಾಡಿ ಎಂದು ದೇವದತ್ತ ಒತ್ತಾಯಿಸಿದಾಗ ಬುದ್ಧರು ಒಪ್ಪಲಿಲ್ಲ. ವೈದ್ಯ ಜೀವಕನಿಗೆ ಅವರು ವಿವರಿಸಿದಂತೆ, ತನಗಾಗಿಯೇ ಕೊಂದದ್ದೆಂದು ಕಣ್ಣಾರೆ ಕಂಡಿರಬಾರದು, ಕಿವಿಯಾರೆ ಕೇಳಿರಬಾರದು, ಅನುಮಾನವೂ ಇರಬಾರದು. ಹಾಗಿದ್ದರೆ ಭಿಕ್ಖು ಸ್ವೀಕರಿಸಬಹುದು. 22 ಪ್ರತಿಜ್ಞೆಗಳಲ್ಲೂ ಮಾಂಸ ತಿನ್ನುವುದಿಲ್ಲ ಎಂಬುದಿಲ್ಲ. ಆದರೆ ಎಲ್ಲ ಜೀವಿಗಳ ಮೇಲೆ ದಯೆ ಇಡುತ್ತೇನೆ ಎಂಬುದು ಇದೆ. ಇವೆರಡನ್ನೂ ಒಟ್ಟಿಗೆ ಹಿಡಿದುಕೊಂಡು ಬಾಳುವುದು ಹೇಗೆ?

ಬಾಬಾಸಾಹೇಬರು ‘ಬುದ್ಧ ಮತ್ತು ಅವರ ಧಮ್ಮ’ದಲ್ಲಿ ಇದಕ್ಕೆ ದಾರಿ ತೋರಿಸಿದ್ದಾರೆ. ಅಹಿಂಸೆ ಒಂದು ತತ್ವ, ಕುರುಡು ನಿಯಮ ಅಲ್ಲ ಎನ್ನುತ್ತಾರೆ. ಕೊಲ್ಲುವ ಅಗತ್ಯ ಬೇರೆ, ಕೊಲ್ಲುವ ಇಚ್ಛೆ ಬೇರೆ; ಬುದ್ಧರು ತಡೆದದ್ದು ಬರೀ ಇಚ್ಛೆಯಿಂದ ಆಗುವ ಕೊಲೆಯನ್ನು ಎಂದು ಬಿಡಿಸಿ ಹೇಳುತ್ತಾರೆ.

ಈ ಮಾತನ್ನು ಹಿಡಿದುಕೊಂಡು ನನ್ನ ಆ ತಟ್ಟೆಯನ್ನು ಮತ್ತೆ ನೋಡಿದೆ. ಮೊದಲ ನಾಲ್ಕು ತುಂಡು ಹಸಿವಿಗೆ ಹೋದವು. ಅಲ್ಲಿ ಅಗತ್ಯವಿತ್ತು. ಆಮೇಲಿನ ತುಂಡುಗಳು ದುಡ್ಡು ವಸೂಲಿಗೆ ಹೋದವು. ಆ ಲೆಕ್ಕವೂ ತಪ್ಪೇ. ನಾಲ್ಕು ತಿಂದರೂ ನಲವತ್ತು ತಿಂದರೂ ಕೊಟ್ಟ ದುಡ್ಡು ಹೋಯಿತು. ಹೆಚ್ಚು ತಿಂದು ನಾನು ಪಡೆದದ್ದು ಎದೆಯುರಿ ಒಂದೇ. ಇನ್ನು ತೊಟ್ಟಿಗೆ ಹೋದ ಐದು ತುಂಡು? ಅವು ಯಾರ ಹಸಿವಿಗೂ ಹೋಗಲಿಲ್ಲ. ಒಂದು ಜೀವ ಸತ್ತಿತ್ತು; ಆ ಐದು ತುಂಡಿನ ಮಟ್ಟಿಗೆ ಅದು ಸುಮ್ಮನೆ ಸತ್ತಿತು.

ಬಂಧುಗಳೇ, ಅಗತ್ಯ ಎಲ್ಲಿ ಮುಗಿದು ಇಚ್ಛೆ ಎಲ್ಲಿ ಶುರುವಾಗುತ್ತದೆ ಎಂಬ ಗಡಿ ಶಾಸ್ತ್ರದಲ್ಲಿ ಬರೆದಿರುವುದಿಲ್ಲ. ಅದು ನಮ್ಮ ತಟ್ಟೆಯ ಮೇಲೆಯೇ ಇರುತ್ತದೆ. ಆ ಗಡಿಯನ್ನು ಕಾಣುವ ಕಣ್ಣೇ ಮತ್ತಞ್ಞುತಾ. ಅಳತೆ ತಪ್ಪಿದ ಕ್ಷಣದಲ್ಲಿ ಅಗತ್ಯ ಹೋಯಿತು. ಉಳಿದದ್ದು ಇಚ್ಛೆ ಮಾತ್ರ. ಇದು ಮಾಂಸಕ್ಕಷ್ಟೇ ಅಲ್ಲ, ನಮ್ಮ ಮದುವೆ ಮನೆಗಳಲ್ಲಿ ಎಲೆಯ ಮೇಲೆ ಬಿಟ್ಟು ಏಳುವ ಅನ್ನಕ್ಕೂ ಸೇರಿದ ಮಾತು.

*ರಾಜ ಪಸೇನದಿಯ ಕಥೆ*

ಕೋಸಲದ ರಾಜ ಪಸೇನದಿಗೂ ಇದೇ ತೊಂದರೆ ಇತ್ತು. ದೋಣ ಅಳತೆಯ ಅನ್ನ ಉಣ್ಣುತ್ತಿದ್ದ. ಒಂದು ದಿನ ಹೊಟ್ಟೆ ಬಿರಿಯೆ ಉಂಡು, ಏದುಸಿರು ಬಿಡುತ್ತಾ ಬುದ್ಧರ ಬಳಿಗೆ ಬಂದ. ಬುದ್ಧರು ಛೀಮಾರಿ ಹಾಕಲಿಲ್ಲ. ಎಚ್ಚರದಿಂದ ಅಳತೆ ತಿಳಿದು ಉಣ್ಣುವವನ ನೋವು ಕಡಿಮೆಯಾಗುತ್ತದೆ, ಅವನಿಗೆ ಮುಪ್ಪು ನಿಧಾನವಾಗಿ ಬರುತ್ತದೆ ಎಂಬ ಅರ್ಥದ ಒಂದು ಗಾಥೆ ಹೇಳಿದರು.

ರಾಜನ ಬೆನ್ನ ಹಿಂದೆ ಸುದಸ್ಸನ ಎಂಬ ಹುಡುಗ ನಿಂತಿದ್ದ. ರಾಜ ಅವನಿಗೆ, ಈ ಗಾಥೆಯನ್ನು ಕಲಿತುಕೋ, ನಾನು ಉಣ್ಣುವಾಗ ದಿನವೂ ಹೇಳು, ದಿನಕ್ಕೆ ನೂರು ಕಹಾಪಣ ಕೊಡುತ್ತೇನೆ ಎಂದ. ಹುಡುಗ ಹಾಗೆಯೇ ಮಾಡಿದ. ರಾಜ ಬರಬರುತ್ತಾ ದೋಣದಿಂದ ನಾಳಿಯ ಅಳತೆಗೆ ಇಳಿದ. ಮೈ ಹಗುರವಾಯಿತು. ಬುದ್ಧರು ತನ್ನ ಇಂದಿನ ಒಳಿತನ್ನೂ ಮುಂದಿನ ಒಳಿತನ್ನೂ ಬಯಸಿದರು ಎಂದು ಕೃತಜ್ಞನಾದ.

ಇಲ್ಲಿ ಎರಡು ವಿಷಯ ಗಮನಿಸಿ. ಒಂದು, ರಾಜ ಒಂದೇ ದಿನದಲ್ಲಿ ಬದಲಾಗಲಿಲ್ಲ, ಮೆಲ್ಲಗೆ ಇಳಿದ. ಎರಡು, ತನ್ನ ಮನಸ್ಸನ್ನು ತಾನೇ ನಂಬದೆ, ನೆನಪಿಸಲು ಪಕ್ಕದಲ್ಲಿ ಒಬ್ಬರನ್ನು ಇಟ್ಟುಕೊಂಡ. ಹುಡುಗನ ಮಾತು ಕೇಳುವುದು ರಾಜನಿಗೂ ಅವಮಾನ ಎನಿಸಲಿಲ್ಲ.

ನನ್ನ ಮೇಜಿನಲ್ಲೂ ಒಬ್ಬ ಸುದಸ್ಸನ ಇದ್ದಳು. ಕಹಾಪಣ ಕೇಳದೆಯೇ ಮೂರು ಸಲ ನೆನಪಿಸಿದಳು. ನಾನು ಗದರಿಸಿ ಸುಮ್ಮನಾಗಿಸಿದೆ.

*ಕೆಂಪು ಬಿಲ್ಲೆ ಸೋಲಲ್ಲ*

‘ಬೇಡ’ ಎನ್ನುವುದನ್ನು ನಮ್ಮ ಜನಕ್ಕೆ ಕಲಿಸಿದವರು ಬಾಬಾಸಾಹೇಬರು. 1927ರ ಮಾರ್ಚ್‌ನಲ್ಲಿ ಮಹಾಡ್‌ನಲ್ಲಿ ಸೇರಿದ ಜನಕ್ಕೆ ಅವರು, ಸತ್ತ ದನದ ಮಾಂಸ ತಿನ್ನುವುದನ್ನು ಬಿಡಿ, ಎಸೆದ ತುಣುಕಿಗೆ ಕೈಯೊಡ್ಡುವುದನ್ನು ಬಿಡಿ ಎಂದು ಕರೆ ಕೊಟ್ಟರು. ಹಸಿದವರಿಗೆ ಆ ಮಾತು ಹೇಳುವುದು ಸುಲಭವಲ್ಲ. ಹಸಿದವರು ಅದನ್ನು ಪಾಲಿಸುವುದು ಇನ್ನೂ ಕಷ್ಟ. ಆದರೂ ಎಷ್ಟೋ ಮಂದಿ ಪಾಲಿಸಿದರು. ಅವರು ‘ಬೇಡ’ ಎಂದದ್ದು ತಲೆ ಎತ್ತಿ ನಿಲ್ಲುವುದಕ್ಕೆ.

ಅವರು ಇಲ್ಲದಾಗ ‘ಬೇಡ’ ಎಂದರು. ನಾವು ಇದ್ದಾಗ ‘ಸಾಕು’ ಎನ್ನಲು ಕಲಿಯಬೇಕು. ಎರಡೂ ಒಂದೇ ಸ್ವಾಭಿಮಾನ. ಯಾರು ಏನು ಮುಂದೆ ತಂದರೂ ಬಾಯಿ ತೆರೆಯುವವನು ಬೇರೆಯವರ ಕೈಯಲ್ಲಿರುತ್ತಾನೆ. ತಾನೇ ಬಿಲ್ಲೆ ತಿರುಗಿಸುವವನು ತನ್ನ ಕೈಯಲ್ಲಿ ತಾನಿರುತ್ತಾನೆ. ಬುದ್ಧರ ಮಧ್ಯಮ ಮಾರ್ಗ ಮೈಯನ್ನು ಒಣಗಿಸುವುದೂ ಅಲ್ಲ, ಮೈಗೆ ಸುರಿಯುವುದೂ ಅಲ್ಲ.

*ಇಂದಿನ ಅಭ್ಯಾಸ*

🔹 ಊಟಕ್ಕೆ ಕೂತಾಗ ಮೂರು ಉಸಿರು ಸುಮ್ಮನಿರಿ. ಇದು ಹಸಿವೋ, ಹಳೆಯ ಭಯವೋ, ದುಡ್ಡಿನ ಲೆಕ್ಕವೋ ಎಂದು ನಿಮ್ಮನ್ನೇ ಕೇಳಿಕೊಳ್ಳಿ.

🔹 ಮುಗಿಸಬಲ್ಲಷ್ಟು ಮಾತ್ರ ಹಾಕಿಸಿಕೊಳ್ಳಿ. ಮತ್ತೆ ಬೇಕಾದರೆ ಮತ್ತೆ ಕೇಳಬಹುದು. ಇವತ್ತು ಕೇಳಿದರೆ ಬರುತ್ತದೆ. ಒಳಗಿನ ಆ ಮಗುವಿಗೆ ಇದನ್ನು ಸಮಾಧಾನದಿಂದ ಹೇಳಿ.

🔹 ಇನ್ನೂ ನಾಲ್ಕೈದು ತುತ್ತು ಹಿಡಿಸುತ್ತದೆ ಎನ್ನುವಾಗಲೇ ನಿಲ್ಲಿಸಿ ನೀರು ಕುಡಿಯಬೇಕು ಎಂದು ಸಾರಿಪುತ್ತ ಥೇರರು ಹೇಳಿದ್ದಾರೆ. ಇವತ್ತು ಒಂದು ಹೊತ್ತಾದರೂ ಮಾಡಿ ನೋಡಿ.

🔹 ಬಡಿಸುವವರ ಮುಖ ನೋಡಿ. ಆ ಹೋಟೆಲಿನಲ್ಲಿ ಅಷ್ಟು ಸಲ ಮಾಂಸ ಕೊಯ್ದು ಕೊಟ್ಟ ಹುಡುಗನ ಮುಖ ನನಗೆ ನೆನಪಿಲ್ಲ; ಸಲಾಕೆ ಮಾತ್ರ ನೆನಪಿದೆ. ತಲೆಮಾರುಗಳ ಕಾಲ ಇನ್ನೊಬ್ಬರ ಎಂಜಲೆಲೆ ತೆಗೆದ ಜನ ನಾವು. ನಮ್ಮ ತಟ್ಟೆ ತೆಗೆಯುವವರನ್ನು ನಾವೇ ಕಾಣದಿದ್ದರೆ ಹೇಗೆ?

🔹 ಮನೆಯಲ್ಲಿ ಒಬ್ಬ ಸುದಸ್ಸನನನ್ನು ಇಟ್ಟುಕೊಳ್ಳಿ. ಅವರು ‘ಸಾಕು’ ಎಂದರೆ ಸಿಟ್ಟಾಗಬೇಡಿ.

ಊರಿಗೆ ಹೊರಡುವ ಮುಂಚೆ ಮೊಮ್ಮಗಳ ಹತ್ತಿರ ಕೂತು, “ಅವತ್ತು ನೀನು ಹೇಳಿದ್ದೇ ಸರಿ ಕಣಮ್ಮ, ತಾತಂದು ತಪ್ಪಾಯ್ತು” ಎಂದೆ. ಅವಳು ಒಂದು ರಟ್ಟು ಕತ್ತರಿಸಿ, ಒಂದು ಕಡೆ ಹಸಿರು, ಒಂದು ಕಡೆ ಕೆಂಪು ಬಣ್ಣ ಹಚ್ಚಿ ಕೊಟ್ಟಳು. ಅದು ಈಗ ನಮ್ಮ ಮನೆಯ ಊಟದ ಜಾಗದಲ್ಲಿದೆ. ರಾತ್ರಿ ಊಟದ ಹೊತ್ತಿಗೆ ಅಲ್ಲಿ ಬೆಳಗಾಗಿರುತ್ತದೆ. ಸ್ಕೂಲಿಗೆ ಹೊರಡುವ ಮುಂಚೆ ಕೆಲವು ದಿನ ವಿಡಿಯೋ ಕಾಲ್ ಮಾಡುತ್ತಾಳೆ. ಎರಡನೇ ಮುದ್ದೆಗೆ ಕೈ ಹಾಕಿದರೆ ಅಲ್ಲಿಂದಲೇ ಕೂಗುತ್ತಾಳೆ: “ತಾತಾ, ಕೆಂಪು!”

ಈಗ ಗದರಿಸುವುದಿಲ್ಲ. ಕೆಲವು ದಿನ ಕೇಳುತ್ತೇನೆ, ಕೆಲವು ದಿನ ಅರ್ಧ ಮುದ್ದೆಗೆ ರಾಜಿ ಮಾಡಿಕೊಳ್ಳುತ್ತೇನೆ. ಪಸೇನದಿಯೂ ಮೆಲ್ಲಗೇ ಇಳಿದದ್ದು.

ಹಸಿದವರೆಲ್ಲರಿಗೂ ಅನ್ನ ಸಿಗಲಿ. ಅನ್ನ ಇರುವವರೆಲ್ಲರಿಗೂ ಅಳತೆ ತಿಳಿಯಲಿ. ಎಲ್ಲ ಜೀವಿಗಳಿಗೂ ಮಂಗಳವಾಗಲಿ.

ಸಾಧು! ಸಾಧು! ಸಾಧು! ☸️

_ಮನೆಯಲ್ಲಿ ಹಿರಿಯರಿಗೂ ಮಕ್ಕಳಿಗೂ ಓದಿ ಹೇಳಿ. ಭಾನುವಾರದ ಬಳಗದಲ್ಲಿ ನಿಮ್ಮ ಅನುಭವ ಹಂಚಿಕೊಳ್ಳಿ. ಜೈಭೀಮ್, ನಮೋ ಬುದ್ಧಾಯ._ 🙏